ಬಾಯಾಗ ಹಳದಿ ಕೀವುಗುಳ್ಳಿ, ಮೊದಲಿಂದ ಕೊಲೈಟಿಸ್: ಗೊತ್ತಿದ್ದವರು ಹೇಳ್ರಿ

ಲಿಂಗಸುಗೂರಿನಿಂದ ಪ್ರಶ್ನೆ: ಅಣ್ಣಗ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಗ ಉರಿಯೂತ, ಹುಣ್ಣು) ಐತ್ರಿ. ಈಗ ವಸಡು, ತುಟಿ ಒಳಗ ಹಳದಿ ಗುಳ್ಳಿ ಎದ್ದಾವ, ಕಂಕುಳಾಗೂ ಹುಣ್ಣು. ಡಾಕ್ಟರ್ ‘ಕರುಳಿನ ರೋಗದ ಜೋಡಿ ಬಾಯಾಗ ಕೀವುಗುಳ್ಳಿ ಏಳೂ ಪಯೋಸ್ಟೊಮಟೈಟಿಸ್ ವೆಜಿಟನ್ಸ್ ಇರಬಹುದು, ಬಯಾಪ್ಸಿ (ತುಣುಕು ತೆಗೆದು ಪರೀಕ್ಷೆ) ಮಾಡಸ್ರಿ’ ಅಂದಾರ. ಏನೇನು ನೋಡ್ಕೋಬೇಕು? ಊಟಕ್ಕ ಏನು ಕೊಡೂದು?

ಬಳ್ಳಾರಿಯಿಂದ: ಗುಳ್ಳೆಗಳು ಒಂದಕ್ಕೊಂದು ಕೂಡಿ, ಬಸವನಹುಳು ಹರಿದ ಜಾಡಿನಂತೆ ಕಾಣುತ್ತವೆಯೇ ನೋಡಿ, ಈ ರೋಗದ ಗುರುತು ಅದು. ಬಯಾಪ್ಸಿಗೆ ಎರಡು ತುಣುಕು ಬೇಕು. ಗುಳ್ಳೆ ಇರುವಲ್ಲಿಯದು ಕೆಡದಂತೆ ಕಾಪಾಡುವ ಫಾರ್ಮಾಲಿನ್‌ಗೆ. ಪಕ್ಕದ ಜಾಗದ್ದು ಅಂಗಾಂಶಕ್ಕೆ ಅಂಟಿದ ಪ್ರತಿಕಾಯ ಹುಡುಕುವ ಪರೀಕ್ಷೆಗೆ, ಅಂದರೆ ಇಮ್ಯುನೊಫ್ಲೋರೆಸೆನ್ಸ್‌ಗೆ: ಅದು ಮಿಶೆಲ್ ದ್ರಾವಣದಲ್ಲಿ ಹೋಗಬೇಕು, ಸಿಗದಿದ್ದರೆ ನಾರ್ಮಲ್ ಸಲೈನ್‌ನಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು. ಎರಡನ್ನೂ ಫಾರ್ಮಾಲಿನ್ ಡಬ್ಬಿಗೇ ಹಾಕಿದರೆ ಎರಡನೆಯ ಪರೀಕ್ಷೆ ಕೆಟ್ಟಿತು, ಮತ್ತೆ ಕತ್ತರಿಸಬೇಕು. ಪೆಂಫಿಗಸ್ ವೆಜಿಟನ್ಸ್ ಎಂಬ ಬೇರೆ ಗುಳ್ಳೆರೋಗ ಕೂಡ ಹೀಗೇ ಕಾಣುತ್ತದೆ. ಅದರಲ್ಲಿ ಈ ಪರೀಕ್ಷೆ ಪಾಸಿಟಿವ್, ಇದರಲ್ಲಿ ಸಾಮಾನ್ಯವಾಗಿ ನೆಗೆಟಿವ್. ರಕ್ತದಲ್ಲಿ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣದ ಎಣಿಕೆಯನ್ನೂ ನೋಡಿಸಿ, ಬಹಳ ಮಂದಿಯಲ್ಲಿ ಏರಿರುತ್ತದೆ.

ರಾಯಚೂರಿನಿಂದ: ಕೀವು ಅಂದಕೂಡ್ಲೆ ಆ್ಯಂಟಿಬಯೊಟಿಕ್ ನುಂಗಸ್ಬ್ಯಾಡ್ರಿ, ಇದು ಸೋಂಕಿನ ಕೀವಲ್ಲ. ಕರುಳು ಹಿಡಿತಕ್ಕ ಬಂದ್ರ ಬಾಯಿನೂ ಮಾಯತೈತಿ. ಭೇದಿ ಇಲ್ಲಂದ್ರೂ, ಕರುಳಿನ ಉರಿಯೂತ ತೋರಸೂ ಮಲಪರೀಕ್ಷೆ, ಕ್ಯಾಲ್‌ಪ್ರೊಟೆಕ್ಟಿನ್ ಮಾಡಸ್ರಿ. ನೋವಿಗೆ ಡೈಕ್ಲೊಫೆನಾಕ್ ಸೂಜಿ ಬ್ಯಾಡ, ಕೊಲೈಟಿಸ್ ಕೆರಳಬಹುದು, ಪ್ಯಾರಾಸಿಟಮಾಲ್ ಸಾಕು. ಪ್ರೆಡ್ನಿಸೊಲೋನ್ (ಸ್ಟಿರಾಯ್ಡ್ ಗುಳಿಗಿ) ಬರೆದಿದ್ರ, ಆರಾಮಾತು ಅಂತ ಒಮ್ಮೆಲೆ ನಿಲ್ಲಿಸಂಗಿಲ್ಲ, ಡಾಕ್ಟರ್ ಹೇಳಿದಂಗ ಇಳಿಸ್ಕೊಂತ ಬರಬೇಕು. ಡ್ಯಾಪ್ಸೋನ್ ಗುಳಿಗಿ ಬರೆದ್ರ ಮೊದಲು ಜಿ6ಪಿಡಿ (ಕೆಂಪು ರಕ್ತಕಣ ಕಾಯೂ ಕಿಣ್ವ) ಪರೀಕ್ಷೆ. ಇನ್‌ಫ್ಲಿಕ್ಸಿಮ್ಯಾಬ್ (ರೋಗನಿರೋಧಕ ಶಕ್ತಿ ತಗ್ಗಿಸೂ ಸೂಜಿ) ಆದ್ರ ಮೊದಲು ಟಿಬಿ ತಪಾಸಣೆ.

ಕೊಪ್ಪಳದಿಂದ: ಬಾಯಿಗೆ ಹಚ್ಚೂ ಸ್ಟಿರಾಯ್ಡ್, ಟ್ರಯಾಮ್ಸಿನೊಲೋನ್ 0.1% ಪೇಸ್ಟ್ ಕೊಟ್ಟಿದ್ರ, ಊಟ ಆದಮ್ಯಾಲ, ಮಲಗೂ ಮುಂದ ಹಚ್ಚಬೇಕು. ಮೊದಲು ಗಾಜ್ ಬಟ್ಟೀಲೆ ಜೊಲ್ಲು ಒತ್ತಿ ತೆಗೀರಿ, ಒದ್ದಿ ಮ್ಯಾಲ ಹಚ್ಚಿದ್ರ ಜಾರಿ ಹೊಟ್ಟಿಗೆ ಹೋಗತೈತಿ. ತಿಕ್ಕಬ್ಯಾಡ್ರಿ, ತೆಳ್ಳಗ ಒತ್ತಿ ಬಿಡ್ರಿ. ತಿಕ್ಕಿದ್ರ ಪುಡಿಪುಡಿಯಾಗಿ ಉದರತೈತಿ. ಅರ್ಧ ತಾಸು ನೀರೂ ಬ್ಯಾಡ. ಒರೆಸಿದ್ರ ಹೋಗೂ ಬಿಳಿ ಕೆನಿ ಕಂಡ್ರ ಅದು ಸ್ಟಿರಾಯ್ಡ್‌ಗೆ ಬಂದ ಫಂಗಸ್ ಇರಬಹುದು, ತೋರಸ್ರಿ. ಕಟಿ ರೊಟ್ಟಿ ಬಂದ್ ಮಾಡ್ರಿ, ಅಂಚು ಬ್ಲೇಡಿನಂಗ ಕೊರಿತೈತಿ. ಬಿಸಿ ರೊಟ್ಟಿ ಆರಿದ ಹಾಲಿನ್ಯಾಗ ನೆನಸಿ ಕೊಡ್ರಿ, ಹಾಲು ಒಗ್ಗದಿದ್ರ ತೆಳು ಬ್ಯಾಳಿಕಟ್ಟು. ಕೆಂಪಿಂಡಿ, ಹುಣಸಿಹುಳಿ ಸದ್ಯಕ್ಕ ದೂರ. ಹಲ್ಲುಜ್ಜಾಕ ನೊರೆ ಕಡಿಮಿ ಇರೂ ಪೇಸ್ಟು, ಮೆತ್ತನ್ನ ಬ್ರಷ್.

ಲಿಂಗಸುಗೂರಿನಿಂದ: ಮನ್ಯಾಗ ಸಣ್ಣ ಹುಡುಗರದಾರ. ಅಂಟತೈತೇನ್ರಿ?

ರಾಯಚೂರಿನಿಂದ: ಇಲ್ಲ. ಒಂದ ತಾಟಿನ್ಯಾಗ ಉಣ್ರಿ.