ಊರಿಗೆ ಹೋದರೆ ಮಕ್ಕಳಿಗೆ ಬೇಜಾರು ಅನ್ನೋರಿಗೆ, ನಮ್ಮ ಕೆರೆಯ ದೋಣಿ ರೇಸ್ ಕಥೆ

ಮಕ್ಕಳು ಊರಿಗೆ ಬಂದ ನಾಲ್ಕೇ ದಿನಕ್ಕೆ ವಾಪಸ್ ಯಾವಾಗ ಅಂತ ಕೇಳುತ್ತಾರೆ, ಏನು ಮಾಡೋದು ಅಂತ ಒಬ್ಬರು ಕೇಳಿದ್ದರು. ನಮ್ಮನೆಯಲ್ಲೂ ಅದೇ ಗೋಳು. ಈ ಸಲ ಮಾತ್ರ ಸ್ವಲ್ಪ ಬೇರೆ ಆಯ್ತು.

ನಾವಿರೋದು ಡಲ್ಲಾಸ್‌ನಲ್ಲಿ. ನನ್ನ ತವರು ಶಹಾಪುರದ ಹತ್ತಿರ ಒಂದು ಹಳ್ಳಿ. ಪಾಸ್‌ಪೋರ್ಟಿನಲ್ಲಿ ಜಿಲ್ಲೆ ಗುಲಬರ್ಗಾ ಅಂತಿದೆ. ಆಮೇಲೆ ಯಾದಗಿರಿ ಬೇರೆ ಜಿಲ್ಲೆ ಆಯ್ತು, 2014ರಲ್ಲಿ ಗುಲಬರ್ಗಾ ಹೋಗಿ ಕಲಬುರಗಿ ಆಯ್ತು. ಅಮ್ಮ ಹುಟ್ಟಿದ್ದೆಲ್ಲಿ ಅಂತ ಶಾಲೆಗೆ ಬರೆಯುವಾಗ ಮಗ ಮೂರು ಸಲ ಅಳಿಸಿದ.

ದೊಡ್ಡ ತೊಂದರೆ ರಜೆಯದ್ದು. ಊರಿನ ಮಕ್ಕಳಿಗೆ ಏಪ್ರಿಲ್, ಮೇ ರಜೆ. ನಮ್ಮವರಿಗೆ ಜೂನ್‌ನಿಂದ. ನಾವು ಹೋಗುವ ಹೊತ್ತಿಗೆ ಅಣ್ಣನ ಮಕ್ಕಳು ಬ್ಯಾಗ್ ಹಾಕಿಕೊಂಡು ಶಾಲೆಗೆ ಹೊರಟಿರುತ್ತಾರೆ. ಹಗಲೆಲ್ಲ ನಮ್ಮ ಮಕ್ಕಳು ಮುತ್ಯಾನ, ಅಂದರೆ ನನ್ನ ಅಪ್ಪನ, ಮುಖ ನೋಡಬೇಕು, ಮುತ್ಯಾ ಎಮ್ಮೆಯ ಮುಖ ನೋಡಬೇಕು. ಶಹಾಪುರದ ಮಲಗಿದ ಬುದ್ಧನ ಗುಡ್ಡ ತೋರಿಸೋಣ ಅಂತ ಕರೆದುಕೊಂಡು ಹೋದೆ. ಎರಡು ನಿಮಿಷ ನೋಡಿ, ಹೌದು ಮಲಗಿದ್ದಾನೆ ಅಂದು ಕಾರಿನಲ್ಲಿ ಕೂತರು.

ದೋಣಿಯ ತಲೆ ಮಗನದ್ದು. ಡಲ್ಲಾಸ್‌ನಲ್ಲಿ ಒಂದು ಬೇಸಿಗೆ ರಟ್ಟಿನ ದೋಣಿ ರೇಸ್ ನೋಡಿದ್ದ. ರಟ್ಟು, ಟೇಪು ಬಿಟ್ಟರೆ ಬೇರೇನೂ ಬಳಸುವಂತಿಲ್ಲ, ಅದರಲ್ಲಿ ಜನ ಕೂತು ಹುಟ್ಟು ಹಾಕಬೇಕು, ಅರ್ಧ ದಾರಿಯಲ್ಲಿ ರಟ್ಟು ನೆನೆದು ಮುಳುಗೋದೇ ಮಜಾ. ಅದನ್ನೇ ಊರ ಕೆರೆಯಲ್ಲಿ ಮಾಡೋಣ ಅಂದ. ಸಾಧ್ಯವೇ ಇಲ್ಲ ಅಂದೆ. ಅಲ್ಲಿ ಲೈಫ್ ಜಾಕೆಟ್ ಇರುತ್ತದೆ, ಕಾಯೋಕೆ ಜನ ಇರುತ್ತಾರೆ. ನಮ್ಮ ಕೆರೆಯಲ್ಲಿ ಇರೋದು ಜೆಸಿಬಿಯಿಂದ ಹೂಳು ತೆಗೆದ ಗುಂಡಿಗಳು. ಮಳೆ ಬಿದ್ದು ನೀರು ತುಂಬಿದ ಮೇಲೆ ಎಲ್ಲಿ ಮೊಣಕಾಲುದ್ದ, ಎಲ್ಲಿ ಎರಡಾಳುದ್ದ ಅಂತ ದಂಡೆಯಲ್ಲಿ ನಿಂತವರಿಗೆ ತಿಳಿಯೋದಿಲ್ಲ. ಮಕ್ಕಳಿಗೆ ಪೂಲಿನಲ್ಲಿ ಈಜು ಕಲಿಸಿದ್ದೇವೆ ಅನ್ನುವ ಧೈರ್ಯ ಇಲ್ಲಿ ಬೇಡ, ದಯವಿಟ್ಟು.

ಅಣ್ಣ ನಕ್ಕ. "ನಾವೆಲ್ಲಾ ಇದೇ ಕೆರ್ಯಾಗ ಈಸಿಲ್ಲೇನ?"

ಅಪ್ಪ ನನ್ನ ಕಡೆ ನಿಲ್ಲುತ್ತಾರೆ ಅಂತ ನಾನು ಅಂದುಕೊಂಡೇ ಇರಲಿಲ್ಲ. "ಆವಾಗ ಈ ತೆಗ್ಗ ಇದ್ದಿದ್ದಿಲ್ಲಪಾ" ಅಂದರು. ಅಲ್ಲಿಗೆ ತೀರ್ಮಾನ ಆಯ್ತು. ಮೊಳದುದ್ದದ ದೋಣಿ, ಹಿಂದೆ ದಾರ, ಯಾರೂ ನೀರಿಗೆ ಇಳಿಯುವಂತಿಲ್ಲ. ಎಲ್ಲರಿಗೂ ಹತ್ತು ಮಾರು ದಾರ, ಯಾರ ಉಂಡೆ ಮೊದಲು ಖಾಲಿಯಾಗುತ್ತದೋ ಅವರು ಗೆದ್ದ ಹಾಗೆ.

ಶನಿವಾರ ಶಾಲೆ ಬೇಗ ಬಿಟ್ಟಿತು, ಅಂಗಳದಲ್ಲಿ ಕೆಲಸ ಶುರು. ಮಗಳು ಮುತ್ಯಾನ ಜೊತೆ ಸೇರಿಕೊಂಡಳು. ಅಪ್ಪ ಬಣವಿಯೊಳಗಿಂದ ಮಳೆ ತಾಗದ ನಾಲ್ಕು ಜೋಳದ ದಂಟು ಎಳೆದು, ಕುಡುಗೋಲಿನ ತುದಿಯಿಂದ ಸಿಪ್ಪೆ ಸೀಳಿದರು. ಒಳಗೆ ಬೆಳ್ಳನೆ ಬೆಂಡು. ಆ ಸಿಪ್ಪೆಯನ್ನೇ ಕಡ್ಡಿ ಮಾಡಿ ಬೆಂಡಿಗೆ ಬೆಂಡು ಚುಚ್ಚಿ ಜೋಡಿಸಿದರು. ಗೋಂದಿಲ್ಲ, ಮೊಳೆಯಿಲ್ಲ. ಚಿಕ್ಕವರಿದ್ದಾಗ ನಾವು ಇದರಲ್ಲೇ ಬಂಡಿ ಮಾಡುತ್ತಿದ್ದೆವು. ಆ ಸಿಪ್ಪೆಯ ಅಂಚು ಬ್ಲೇಡ್ ಇದ್ದ ಹಾಗೆ, ಮಗಳ ಬೆರಳು ಕೊಯ್ದು ವೈನಿ ಅರಿಶಿನ ಒತ್ತಿದರು. ಬೆಂಡು ನೀರು ಕುಡಿಯುತ್ತದಲ್ಲ, ಅದಕ್ಕೆ ಅಪ್ಪ ಮೇಣದಬತ್ತಿ ಹಚ್ಚಿ ತುದಿಗಳಿಗೆ ಹನಿಹನಿಯಾಗಿ ಮೇಣ ಬಿಟ್ಟರು. ಹಾಯಿಗೆ ಯಾರದೋ ಲಗ್ನಪತ್ರಿಕೆ. ಮೇಲಿದ್ದ ಗಣಪತಿ ನೀರು ಪಾಲಾಗಬಾರದು ಅಂತ ಅವ್ವ ಆ ತುಂಡು ಕತ್ತರಿಸಿ ಜಗಲಿ ಮೇಲೆ ಇಟ್ಟರು.

ಅಣ್ಣನ ಮಗನದ್ದು ಟಿವಿ ಡಬ್ಬದ ಥರ್ಮೋಕೋಲು. ನನ್ನ ಮಗನದ್ದು ನೀರಿನ ಬಾಟಲಿ. ದನದ ತೊಟ್ಟಿಯಲ್ಲಿ ಬಿಟ್ಟು ನೋಡಿದರೆ ಉರುಳಿ ಉರುಳಿ ಹಾಯಿ ಕೆಳಗೆ, ತಳ ಮೇಲೆ. "ಒಳಗ ಉಸುಕ ಹಾಕೋ" ಅಂದ ಅಣ್ಣನ ಮಗ. ಇವನು ನನ್ನ ಮುಖ ನೋಡಿದ. ಎರಡು ವರ್ಷ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಅವನು ಕಲಿತದ್ದು ಮರಳು. ನಮ್ಮ ಮನೆಯಲ್ಲಿ ಯಾರೂ ಮರಳು ಅನ್ನೋದಿಲ್ಲ. ಎರಡು ಹಿಡಿ ಉಸುಕು ಬಿದ್ದ ಮೇಲೆ ಬಾಟಲಿ ನೆಟ್ಟಗೆ ನಿಂತಿತು.

ಭಾನುವಾರ ಬೆಳಿಗ್ಗೆ ಏರಿಯ ಕಡೆಯಿಂದ ಮೂರೂ ದೋಣಿ ಬಿಟ್ಟೆವು. ಮೂರೂ ತಿರುಗಿ ನಮ್ಮ ಕಾಲ ಹತ್ತಿರವೇ ಬಂದವು. ಮತ್ತೆ ಬಿಟ್ಟೆವು, ಮತ್ತೆ ಬಂದವು. ಬೇವಿನ ಗಿಡದ ಕೆಳಗೆ ಕೂತಿದ್ದ ಅಪ್ಪ ಐದು ನಿಮಿಷ ಸುಮ್ನೆ ನೋಡಿ, "ಗಾಳಿ ಯಾ ಕಡಿಂದ ಬರ್ಲಿಕತ್ತದ ನೋಡೀರೇನು?" ಅಂದರು. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ನಾವು ನಿಂತಿದ್ದು ಮೂಡಣ ದಂಡೆಯಲ್ಲಿ. ನಾನು ಎಂಜಿನಿಯರು, ನನ್ನ ಗಂಡನೂ ಎಂಜಿನಿಯರು. ಎಲ್ಲರೂ ಕೆಸರಿನಲ್ಲಿ ಕೆರೆ ಸುತ್ತಿ ಆ ಕಡೆಗೆ ಹೋದೆವು.

ಅಲ್ಲಿ ಥರ್ಮೋಕೋಲು ಹಕ್ಕಿಯ ಹಾಗೆ ಹೋಯ್ತು. ಅಣ್ಣನ ಮಗ ಕುಣಿದ. ನನ್ನ ಮಗ ಓಡಿಹೋಗಿ ಅವನ ದಾರ ಹಿಡಿದು "ಸುಳ್ಳ! ನಿನ್ನ ದಾರ ಗಿಡ್ಡ ಅದ!" ಅಂತ ಕಿರುಚಿದ. ಮನೆಯಲ್ಲಿ ಕನ್ನಡದಲ್ಲಿ ಉತ್ತರ ಕೊಡು ಅಂದರೆ ಭುಜ ಕುಣಿಸುವ ಹುಡುಗ. ಅವನು "ಯಾಕ ಗಿಡ್ಡ?" ಇವನು "ಅಳಿ ನೀ, ಅಳಿ!" ಬಿಡಿಸೋಕೆ ಹೊರಟ ಗಂಡನನ್ನು ಕೈ ಹಿಡಿದು ನಿಲ್ಲಿಸಿದೆ. ಅಪ್ಪ ಎರಡೂ ಕೈ ಚಾಚಿ ಮಾರು ಹಾಕಿದರು. ಎಂಟೇ ಇತ್ತು.

ಹೀಗೆ ಮಗಳ ಬೆಂಡಿನ ದೋಣಿ ಗೆದ್ದಿತು. ಬಹುಮಾನ ಪಂಚಮಿಗೆ ಕಟ್ಟಿದ್ದ ಶೇಂಗಾ ಉಂಡಿ, ಅದನ್ನು ಸೋತವರೇ ಜಾಸ್ತಿ ತಿಂದರು.

ದೋಣಿಯನ್ನು ಸೂಟ್‌ಕೇಸಿನಲ್ಲಿ ಇಟ್ಟರೆ ಮುರಿಯುತ್ತದೆ ಅಂತ ಊರಲ್ಲೇ ಬಿಟ್ಟು ಬಂದೆವು. ಹೋದ ವಾರ ವಿಡಿಯೋ ಕಾಲಿನಲ್ಲಿ ಅಣ್ಣನ ಮಗ ಸುದ್ದಿ ಹೇಳಿದ. ಎಮ್ಮೆ ಅದನ್ನು ತಿಂದುಬಿಟ್ಟಿತಂತೆ. ಜೋಳದ ದಂಟಲ್ವಾ, ಅದಕ್ಕೆ ಮೇವೇ. ಮಗಳು ಅಳೋಕೆ ಶುರು ಮಾಡಿದಳು. ಮಗ ಫೋನ್ ಕಿತ್ತುಕೊಂಡು ಕೇಳಿದ, "ಯಾ ಎಮ್ಮಿ? ಕೋಡ ಮುರದದ್ದೇನು?"