ಬಾಟಿಕ್ (ಮೇಣ ಹಚ್ಚಿದ ಕಡೆ ಬಣ್ಣ ಹಿಡಿಯದಂತೆ ತಡೆದು ಬಟ್ಟೆಗೆ ಬಣ್ಣ ಹಾಕುವ ಕಲೆ): ಬಿಳಿ ಜಾಗದಲ್ಲಿ ನೀಲಿ ಸೀಳು, ನೀಲಿಯಲ್ಲಿ ಚುಕ್ಕೆ. ತಪ್ಪು ಮೇಣದ್ದೋ ನೀರಿನದ್ದೋ?

ಬಣ್ಣದ_ಬಾನಿ (ದಾವಣಗೆರೆ):
ಇಂಡೋನೇಷ್ಯಾದ ಜಾವಾ ದ್ವೀಪದ ಕಾವುಂಗ್ ವಿನ್ಯಾಸ, 1 ಮೀಟರ್ ಕೋರಾ (ಬಿಳುಪು ಮಾಡದ) ಪಾಪ್ಲಿನ್. ಮೇಣ: ಪ್ಯಾರಾಫಿನ್ 3 ಪಾಲು, ಜೇನುಮೇಣ 1 ಪಾಲು. ಬಣ್ಣ: ತಣ್ಣೀರಿನ ರಿಯಾಕ್ಟಿವ್ (ನೂಲಿನ ಜೊತೆಗೇ ಬೆಸೆದುಕೊಳ್ಳುವ) ನೀಲಿ, ಬೋರ್ ನೀರಿನಲ್ಲಿ. ಬಿಳಿ ಉಳಿಯಬೇಕಾದ ಕಡೆ ನೀಲಿ ಸೀಳು ಬಲೆಯ ಹಾಗೆ ಹರಡಿದೆ, ಹಿಂಬದಿಯಲ್ಲಿ ಗೆರೆ ಮಸುಕು, ನೀಲಿ ಜಾಗದಲ್ಲಿ ಪೇಲವ ಚುಕ್ಕೆ. ಜಾವಾದ ಬಟ್ಟೆ ಎರಡೂ ಬದಿ ಒಂದೇ ಥರ ಇರುತ್ತದಲ್ಲ, ಅದು ಹೇಗೆ?

ಮೇಣದ_ಗೆರೆ (ಚಿತ್ರದುರ್ಗ):
ಸೀಳು ಬಿಟ್ಟಿದ್ದು ಮೇಣದ ಅಳತೆಯಿಂದ. ಪ್ಯಾರಾಫಿನ್ ಪೆಡಸು, ಬಟ್ಟೆ ಮಡಚಿದರೆ ಒಡೆಯುತ್ತದೆ. ಸೀಳೇ ಬೇಕೆನ್ನುವವರಿಗೆ ನಿಮ್ಮ ಅಳತೆ ಸರಿ. ನಯವಾದ ಜಾವಾ ಕೆಲಸಕ್ಕೆ ಅದನ್ನು ತಿರುಗಿಸ್ರಿ: ಜೇನುಮೇಣ 3, ಪ್ಯಾರಾಫಿನ್ 1, ಜೊತೆಗೆ ಒಟ್ಟು ತೂಕದ ಹತ್ತನೇ ಒಂದು ಪಾಲು ರಾಳ. ರಾಳ ಮೇಣವನ್ನು ನೂಲಿಗೆ ಅಂಟಿಸುತ್ತದೆ, ಹೆಚ್ಚಾದರೆ ಮೇಣವೇ ಪೆಡಸಾಗುತ್ತದೆ.

ಜಾವಾದವರು ಮೇಣವನ್ನೇ (ಅವರ ಮಾತಿನಲ್ಲಿ 'ಮಾಲಂ') ಎರಡು ಬಗೆ ಮಾಡುತ್ತಾರೆ. ಗೆರೆ ಎಳೆಯುವ 'ಕ್ಲೊವೊಂಗ್' ಚಾಕುವಿನಿಂದ ಕೆರೆದರೆ ಬರಬೇಕು, ಯಾಕೆಂದರೆ ಜಾವಾದ ಸೋಲೊ, ಯೋಗ್ಯಕರ್ತ ಊರುಗಳ ಹಳೆಯ ಪದ್ಧತಿಯಲ್ಲಿ ನೀಲಿ ಆದ ಮೇಲೆ ಆ ಜಾಗಕ್ಕೇ ಸೋಗ ಎಂಬ ಕಂದು ಹಾಕುತ್ತಾರೆ. ಬಿಳಿ ಮುಚ್ಚುವ 'ತೆಂಬೊಕ್' ಬಣ್ಣದ ಎಲ್ಲ ಬಾನಿಗಳನ್ನೂ ತಡೆದುಕೊಳ್ಳುವಷ್ಟು ಗಟ್ಟಿ ಇರಬೇಕು.

ಹಿಂಬದಿ ಮಸುಕಾಗಿದ್ದರೆ ಹೆಚ್ಚಾಗಿ ಮೇಣ ತಣ್ಣಗಿತ್ತು ಅಂತ ಅರ್ಥ. ಹಾಕಿದ ಗೆರೆ ಪಾರದರ್ಶಕವಾಗಿ ಒದ್ದೆಯ ಹಾಗೆ ಕಂಡರೆ ಒಳಗಿಳಿದಿದೆ. ಮಸುಕು ಹಳದಿಯಾಗಿ ಮೇಲೆ ಕೂತರೆ ಬಣ್ಣ ಅದರ ಅಡಿಗೆ ನುಗ್ಗುತ್ತದೆ. ಹೊಗೆ ಬಂದರೆ ಅತಿ ಬಿಸಿ. ಚಾಂಟಿಂಗ್‌ನ (ಮೇಣದ ಗೆರೆ ಎಳೆಯುವ ಲೇಖನಿಯ) ಮೂತಿಯಿಂದ ಸುರಿದು ಗೆರೆ ದಪ್ಪವಾಗುತ್ತದೆ. ಮುಂಬದಿ ಮುಗಿಸಿ ಬಟ್ಟೆ ತಿರುವಿ, ಅದೇ ಗೆರೆಯ ಮೇಲೆ ಹಿಂದಿನಿಂದಲೂ ಮೇಣ ಎಳೀರಿ. ಎರಡೂ ಬದಿ ಒಂದೇ ಥರ ಕಾಣುವುದು ಈ ದುಪ್ಪಟ್ಟು ದುಡಿಮೆಯಿಂದ.

ಇನ್ನೊಂದು, ಕೋರಾ ಬಟ್ಟೆಗೆ ಗಿರಣಿಯಲ್ಲಿ ಹಾಕಿದ ಗಂಜಿ ತೆಗೆದಿದ್ದೀರಾ? ಒಂದು ರಾತ್ರಿ ನೆನೆಸಿ, ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಕುದಿಸಬೇಕು. ಆಮೇಲೆ ಬಹಳ ತೆಳುವಾದ ಗಂಜಿ ಕೊಟ್ಟರೆ ಗೆರೆ ಹರಡುವುದಿಲ್ಲ.

ನೀಲಿ_ಕೈ (ದಾವಣಗೆರೆ):
ಚುಕ್ಕೆಗೆ ಮೊದಲು ನೀರನ್ನು ನೋಡಿ. ನಮ್ಮ ಕಡೆಯ ಬೋರ್ ನೀರು ಗಡಸು. ಬಣ್ಣ ಹಿಡಿಯಲು ಹಾಕುವ ವಾಷಿಂಗ್ ಸೋಡಾ ಬಿದ್ದ ಕೂಡಲೇ ಸುಣ್ಣದ ಅಂಶ ಬಿಳಿ ಪುಡಿಯಾಗಿ ನೂಲಿನ ಮೇಲೆ ಕೂರುತ್ತದೆ, ಬಣ್ಣ ಮಂಕಾಗುತ್ತದೆ. ಲೋಟ ನೀರಿಗೆ ಚಿಟಿಕೆ ಸೋಡಾ ಹಾಕಿ, ಹಾಲಿನ ಹಾಗಾದರೆ ಆ ನೀರು ಬೇಡ. ಮಳೆನೀರು ಅಥವಾ ಆರ್‌ಒ ನೀರು ಸಾಕು, 1 ಮೀಟರಿಗೆ 3 ಲೀಟರ್ ಹಿಡಿಯುತ್ತದೆ.

ಬಣ್ಣ 3 ಗ್ರಾಂ, ಉಪ್ಪು 150 ಗ್ರಾಂ. ಅರ್ಧ ಗಂಟೆ ಆಡಿಸಿ, 45 ಗ್ರಾಂ ಸೋಡಾ ಬೇರೆ ನೀರಿನಲ್ಲಿ ಕರಗಿಸಿ, ಆರಿದ ಮೇಲೆ ಸೇರಿಸಿ, ಇನ್ನೊಂದು ಗಂಟೆ. ಬಟ್ಟೆಯನ್ನು ಹಿಂಡಬೇಡಿ, ಮಡಚಬೇಡಿ, ಅಗಲ ತೊಟ್ಟಿಯಲ್ಲಿ ಹರವಿ ಇಡಿ. ಏಪ್ರಿಲ್ ಬಿಸಿಲಿಗಂತೂ ಒಣಗಿಸಲೇಬೇಡಿ, ಮೇಣ ಮೆತ್ತಗಾಗಿ ಜಾರುತ್ತದೆ.

ಬಣ್ಣದ_ಬಾನಿ:
ಲೋಟದ ನೀರು ಹಾಲಿನ ಹಾಗೇ ಆಯಿತು. ಮೇಣ ತೆಗೆಯುವಾಗಲೂ ಬಿಳಿ ಭಾಗ ನಸುನೀಲಿಯಾಗುತ್ತಿದೆ, ಕೈಗೆ ಜಿಡ್ಡು ಹತ್ತುತ್ತದೆ.

ಮೇಣದ_ಗೆರೆ:
ನಸುನೀಲಿ ಅಂದರೆ ಹಿಡಿಯದೆ ಉಳಿದ ಬಣ್ಣ. ಕುದಿಯುವ ನೀರಿಗೆ ಹಾಕುವ ಮುಂಚೆ ತಣ್ಣೀರಿನಲ್ಲಿ ನೀರು ತಿಳಿಯಾಗುವವರೆಗೆ ತೊಳೀರಿ. ಆಮೇಲೆ ದೊಡ್ಡ ಪಾತ್ರೆ, ಜೋರು ಕುದಿ, ಲೀಟರಿಗೆ 5 ಗ್ರಾಂ ಸೋಡಾ. ಮುಳುಗಿಸಿ, ಎತ್ತಿ, ತಣ್ಣೀರಿಗೆ ಹಾಕಿ ಉಜ್ಜಿ, ಮತ್ತೆ ಕುದಿಗೆ, ಹೀಗೆ ಮೂರು ಸಲ. ಬಟ್ಟೆ ಒಳಗಿರುವಾಗ ಪಾತ್ರೆ ಆರಲು ಬಿಟ್ಟರೆ ತೇಲುವ ಮೇಣ ವಾಪಸ್ ಹತ್ತುತ್ತದೆ, ಜಿಡ್ಡು ಅದರದ್ದೇ. ಬಟ್ಟೆ ತೆಗೆದ ಮೇಲೆ ಆರಿಸಿದರೆ ಮೇಣ ಕೆನೆಯ ಹಾಗೆ ಗಟ್ಟಿಯಾಗುತ್ತದೆ, ತೆಗೆದಿಟ್ಟು ಬಳಸಬಹುದು. ಆದರೆ ಅದರಲ್ಲಿ ಹನಿ ನೀರಿದ್ದರೂ ಕಾಯುವಾಗ ಸಿಡಿಯುತ್ತದೆ, ಪೂರ್ತಿ ಒಣಗಿಸ್ರಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಲೇಬೇಡ್ರಿ, ಒಲೆ ಆರಿಸಿ ಮುಚ್ಚಳ ಮುಚ್ಚಿ.

ನೀಲಿ_ಕೈ:
ಇದನ್ನೇ ಮೊಳಕಾಲ್ಮೂರು ರೇಷ್ಮೆಯ ಮೇಲೆ ಮಾಡಬೇಡಿ, ಸೋಡಾದ ಕುದಿಗೆ ಅದರ ಹೊಳಪು ಹೋಗುತ್ತದೆ. ರೇಷ್ಮೆಯಾದರೆ ಹಳೆ ಪೇಪರಿನ ನಡುವೆ ಇಟ್ಟು ಇಸ್ತ್ರಿ ಹಾಕಿ ಮೇಣ ಹೀರಿಸಿ, ಉಳಿದದ್ದಕ್ಕೆ ಡ್ರೈಕ್ಲೀನ್.