ಡಬ್ಬದ ಮೇಲಿನ ಎಚ್ಚರಿಕೆಗೆ ಇಷ್ಟೊಂದು ರಾಜಿಯಾ?

ಚಿಕ್ಕಪ್ಪ: (ಫಾರ್ವರ್ಡ್) ನೋಡಿ, ಕ್ಯಾಲಿಫೋರ್ನಿಯಾದಲ್ಲಿ ಮತ್ತೊಂದು ಕಂಪನಿ ಕೇಸ್ ಮುಗಿಸಲು ದುಡ್ಡು ಕೊಟ್ಟು ರಾಜಿಗೆ ಬಂತು. ಡಬ್ಬದ ಮೇಲೆ ಕ್ಯಾನ್ಸರ್ ಎಚ್ಚರಿಕೆ ಇರಲಿಲ್ಲವಂತೆ. ಯಾರಿಗೂ ಏನೂ ಆಗಿಲ್ಲ. ಸುಮ್ನೆ ವಕೀಲರಿಗೆ ದುಡ್ಡು.

ಭಾವ: ಅಲ್ಲಿ ಪಾರ್ಕಿಂಗ್ ಕಟ್ಟಡಕ್ಕೂ ಅದೇ ಬೋರ್ಡು. ಕಾಫಿಗೂ ಹಾಕಬೇಕು ಎಂದು ಕೇಸ್ ನಡೆದಿತ್ತು. ಕೊನೆಗೆ 2019ರಲ್ಲಿ ಸರ್ಕಾರವೇ ಕಾಫಿಯನ್ನು ಕೈಬಿಟ್ಟಿತು.

ಅಕ್ಕ: ಚಿಕ್ಕಪ್ಪ, ಯಾರಿಗೂ ಏನೂ ಆಗಿಲ್ಲ ಎಂದು ಹೇಗೆ ಹೇಳುತ್ತೀರಿ? ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಬಂದರೆ, ಇಂಥ ಡಬ್ಬದಿಂದಲೇ ಬಂತು ಎಂದು ತೋರಿಸಲು ಆಗುತ್ತದಾ? ಅದಕ್ಕೇ ಅಲ್ಲಿನ ಜನ 1986ರಲ್ಲಿ ವೋಟ್ ಹಾಕಿ ಪ್ರೊಪೊಸಿಷನ್ 65 ಎನ್ನುವ ಕಾನೂನು ತಂದರು. ಪಟ್ಟಿಯಲ್ಲಿರುವ ರಾಸಾಯನಿಕ ಮಿತಿಗಿಂತ ಜಾಸ್ತಿ ಮೈಗೆ ಸೇರುವಂತಿದ್ದರೆ ಮೊದಲೇ ಹೇಳಬೇಕು.

ಚಿಕ್ಕಪ್ಪ: ಹೇಳಲಿ, ಬೇಡ ಅನ್ನಲಿಲ್ಲ. ಕೇಸ್ ಹಾಕಿದವನಿಗೆ ದಂಡದಲ್ಲಿ ಶೇ 25 ಪಾಲು ಯಾಕೆ? ವಕೀಲರ ಫೀಸು ಬೇರೆ!

ಅಕ್ಕ: ಉಳಿದ ಶೇ 75 ಸರ್ಕಾರಕ್ಕೇ ಹೋಗುತ್ತದೆ. ಅಂಗಡಿಯಲ್ಲಿರುವ ಪ್ರತಿ ಡಬ್ಬವನ್ನೂ ಸರ್ಕಾರ ಪರೀಕ್ಷೆ ಮಾಡಿಸಲು ಆಗುವುದಿಲ್ಲ, ಅದಕ್ಕೇ ಜನರೂ ಕೇಸ್ ಹಾಕಬಹುದು. ಕೇಸಿಗೂ 60 ದಿನ ಮೊದಲು ನೋಟಿಸ್ ಕೊಡಬೇಕು.

ಹಳೇ ಬಣ್ಣ ತೆಗೆಯುವ ಪೇಂಟ್ ರಿಮೂವರ್ ವಿಷಯ ಹೇಳುತ್ತೇನೆ, ಕೇಳಿ. ಅದರಲ್ಲಿ ಮೆಥಿಲೀನ್ ಕ್ಲೋರೈಡ್ ಎನ್ನುವ ರಾಸಾಯನಿಕ ಹಾಕುತ್ತಿದ್ದರು. ಅದರ ಆವಿ ಗಾಳಿಗಿಂತ ಭಾರ. ಬಾತ್‌ಟಬ್‌ನ ಹಳೇ ಬಣ್ಣ ಕೆರೆಯುವವರು ಟಬ್ಬಿನೊಳಗೆ ಬಗ್ಗಿರುತ್ತಾರೆ. ಆವಿಯೂ ಅಲ್ಲೇ ತುಂಬಿಕೊಂಡಿರುತ್ತದೆ. ತಲೆ ಸುತ್ತುತ್ತದೆ, ಎಚ್ಚರ ತಪ್ಪುತ್ತದೆ, ಉಸಿರೇ ನಿಲ್ಲಬಹುದು. ಮೈಯೊಳಗೆ ಹೋದದ್ದು ಕಾರ್ಬನ್ ಮಾನಾಕ್ಸೈಡ್ ಆಗಿ ಹೃದಯಕ್ಕೂ ಹೊಡೆತ. ಮಾಮೂಲಿ ಮಾಸ್ಕ್ ಹಾಕಿದರೂ ತಡೆಯುವುದಿಲ್ಲ. 2000ದಿಂದ ಈಚೆಗೆ ಹೀಗೆ ಟಬ್ ಕೆಲಸದಲ್ಲೇ ಕನಿಷ್ಠ 14 ಜನ ಸತ್ತಿದ್ದಾರೆ ಎಂದು ಅಮೆರಿಕದ ಸರ್ಕಾರಿ ಸಂಸ್ಥೆಗಳೇ 2013ರಲ್ಲಿ ಎಚ್ಚರಿಸಿದವು. 'ಗಾಳಿಯಾಡುವ ಕಡೆ ಬಳಸಿ' ಎಂದಷ್ಟೇ ಬರೆದರೆ ಇದೆಲ್ಲ ತಿಳಿಯುತ್ತದಾ? ದುಡಿಯಲು ಹೋದವರು ಅವರು. ನನಗೆ ಹೊಟ್ಟೆ ಉರಿಯುತ್ತದೆ.

ತಮ್ಮ: ಅಕ್ಕಾ, ಆದರೆ ಮನೆ ಬಳಕೆಗೆ ಅದನ್ನು ಮಾರಬಾರದು ಎಂದು 2019ರಲ್ಲಿ ನಿಷೇಧಿಸಿದರಲ್ಲ. ಲೇಬಲ್‌ನಿಂದ ಕೆಲಸ ಆಗಲಿಲ್ಲ ಎಂದೇ ಆಯಿತು ಅಲ್ವಾ?

ಅಕ್ಕ: ಅರೆಬರೆ ಲೇಬಲ್‌ನಿಂದ ಆಗುವುದಿಲ್ಲ ಕಣೋ. ಭಾವ ಹೇಳಿದ ಬೋರ್ಡಿನ ಸಮಸ್ಯೆಯೂ ಅದೇ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಪೂರ್ತಿ ಎಚ್ಚರಿಕೆಯಲ್ಲಿ ಒಂದಾದರೂ ರಾಸಾಯನಿಕದ ಹೆಸರು ಹಾಕಬೇಕು. ಚಿಕ್ಕ ಲೇಬಲ್‌ಗೆ ವಿನಾಯಿತಿ ಇತ್ತು, 2025ರ ನಿಯಮ ಅದನ್ನೂ ತೆಗೆಯಿತು. ಹಳೇ ಲೇಬಲ್ ಬದಲಿಸಲು 2028ರವರೆಗೆ ಸಮಯವಿದೆ.

ಮತ್ತೆ, ರಾಜಿಯಲ್ಲಿ ದುಡ್ಡಿನ ಸಾಲು ಮಾತ್ರ ಓದಬೇಡಿ. ಆ ರಾಸಾಯನಿಕ ತೆಗೆಯಿರಿ ಅಥವಾ ಕಡಿಮೆ ಮಾಡಿ, ಇಲ್ಲವೇ ಎಚ್ಚರಿಕೆ ಹಾಕಿ ಎನ್ನುವ ಷರತ್ತು ಎಷ್ಟೋ ರಾಜಿಗಳಲ್ಲಿ ಇರುತ್ತದೆ. 'ಕ್ಯಾನ್ಸರ್' ಎಂದು ಅಚ್ಚು ಹಾಕುವ ಬದಲು ಕಂಪನಿಗಳು ಸಾಮಾನನ್ನೇ ಬದಲಾಯಿಸಿದ್ದೂ ಇದೆ. ಆ ಷರತ್ತಿದ್ದರೆ ರಾಜಿ ಒಳ್ಳೆಯದೇ. ಬರೀ ದುಡ್ಡಿದ್ದರೆ ನಾನೂ ನಿಮ್ಮ ಜೊತೆ ಬೈಯುತ್ತೇನೆ.

ಭಾವ: ತಪ್ಪು ಮಾಡಿದ್ದೇವೆ ಎಂದು ಕಂಪನಿ ಒಪ್ಪಿಕೊಳ್ಳುತ್ತದಾ?

ಅಕ್ಕ: ರಾಜಿಯಲ್ಲಿ ಸಾಮಾನ್ಯವಾಗಿ ಇಲ್ಲ. ಅದು ನನಗೂ ಹಿಡಿಸುವುದಿಲ್ಲ. ಆದರೆ ಸೋತರೆ ಒಂದೊಂದು ಉಲ್ಲಂಘನೆಗೆ ದಿನಕ್ಕೆ 2,500 ಡಾಲರ್‌ವರೆಗೆ ದಂಡ. ಆ ಹೆದರಿಕೆಗೇ ಬರುತ್ತಾರೆ.

ಚಿಕ್ಕಪ್ಪ: ನಾನು ಹಾಕಿದ ಸುದ್ದಿಯಲ್ಲಿ ಷರತ್ತಿನ ಮಾತೇ ಇಲ್ಲ. ರಾಜಿ ಪತ್ರ ಎಲ್ಲಿ ಸಿಗುತ್ತದೆ?

ಅಕ್ಕ: ಅಲ್ಲಿನ ಅಟಾರ್ನಿ ಜನರಲ್, ಅಂದರೆ ರಾಜ್ಯದ ಮುಖ್ಯ ಸರ್ಕಾರಿ ವಕೀಲರ ವೆಬ್‌ಸೈಟಿನಲ್ಲಿ. ಕಂಪನಿಯ ಹೆಸರು ಹಾಕಿ ಹುಡುಕಿ.

ಚಿಕ್ಕಪ್ಪ: ನೋಡುತ್ತೇನೆ. ಆ ಶೇ 25 ಮಾತ್ರ ನಾನು ಈಗಲೂ ಒಪ್ಪುವುದಿಲ್ಲ.